ಗ್ರಹಣದ ಹೊತ್ತಿನಲ್ಲಿ ತಲೆಗೆ ಬಣ್ಣ ಹಚ್ಚಿಕೊಂಡವನು

ದೇವರಿಗೆ ನಮ್ಮ ಮೇಲಿರುವ ಅಕ್ಕರೆಗೆ ಲೆಕ್ಕವಿಲ್ಲ. ಒಬ್ಬ ಸೂರ್ಯ ಸಾಕಾಗುತ್ತಿದ್ದ ಆಕಾಶದಲ್ಲಿ ಆತ ಇಬ್ಬರನ್ನು ಇರಿಸಿದ. ದೊಡ್ಡವನು ಕೆಂಪಗೆ, ಮಂದವಾಗಿ, ಊಟ ಮುಗಿಸಿ ಜಗಲಿಯ ಮೇಲೆ ಒರಗಿದ ಯಜಮಾನನಂತಿದ್ದಾನೆ. ಅವನನ್ನು ಅಣ್ಣ ಎನ್ನುತ್ತೇವೆ. ಚಿಕ್ಕವಳು ಬೆಳ್ಳಗೆ, ಚುರುಕಾಗಿ, ಯಾರ ಮನೆಯ ಮೂಲೆಯ ಧೂಳನ್ನೂ ಮುಚ್ಚಿಡದವಳು, ಅವಳು ತಂಗಿ. ಇಬ್ಬರೂ ಕೂಡಿ ಬೆಳಗಿದಾಗ ಪ್ರತಿಯೊಂದು ವಸ್ತುವೂ ತನ್ನ ನಿಜವಾದ ಬಣ್ಣವನ್ನು ಒಪ್ಪಿಕೊಳ್ಳುತ್ತದೆ. ಆದರೆ ಆಗಾಗ ತಂಗಿ ಅಣ್ಣನ ಬೆನ್ನ ಹಿಂದೆ ಮರೆಯಾಗುತ್ತಾಳೆ. ಅದೇ ಗ್ರಹಣ. ಆಗ ಹಾಲೂ ಕೆಂಪು, ಗೋಡೆಯೂ ಕೆಂಪು. ಹಸಿರೆಂಬುದೆಲ್ಲ ಕಾಡಿಗೆಯಂತೆ ಕಪ್ಪು. ಆ ಹೊತ್ತಿನಲ್ಲಿ ಬಟ್ಟೆಯಂಗಡಿಯವರು ಥಾನು ಬಿಚ್ಚುವುದಿಲ್ಲ, ಹಣ್ಣಿನವರು ಬುಟ್ಟಿ ತೆರೆಯುವುದಿಲ್ಲ. ಮದುವೆಯ ಮಾತನ್ನಂತೂ ಇಬ್ಬರು ಸೂರ್ಯರ ಎದುರಿಗೇ, ಅಂಗಳದಲ್ಲಿ, ಬರಿತಲೆಯಲ್ಲಿ ಕುಳಿತು ಆಡಬೇಕೆಂದು ಹಿರಿಯರು ಕಟ್ಟಳೆ ಮಾಡಿದ್ದಾರೆ. ಹಿರಿಯರು ಮನುಷ್ಯರನ್ನು ಬಲ್ಲವರಾಗಿದ್ದರು.

ಈ ಕಟ್ಟಳೆಗೆ ಸಿಕ್ಕಿಬಿದ್ದ ನಮ್ಮ ಸಹೋದರನು ವೃತ್ತಿಯಲ್ಲಿ ಕ್ಷೌರಿಕ. ಮಕ್ಕಳ ಬಾಯಲ್ಲಿ ಅವನು ಕಚಕಚ ಮಾವ. ಆ ಕಚಕಚ ಕತ್ತರಿಯದೋ ಬಾಯಿಯದೋ ಎಂದು ಯಾರೂ ವಿಂಗಡಿಸಲು ಹೋದವರಲ್ಲ. ಪ್ರಾರ್ಥನಾ ಮಂದಿರದಲ್ಲಿ ಮುಂದಿನ ಸಾಲಿನಲ್ಲೇ ಕುಳಿತು ಕಣ್ಣೀರು ತುಂಬಿ ಉಪದೇಶ ಕೇಳುತ್ತಿದ್ದ, ಮತ್ತು ಉಪದೇಶಕನ ಕಿವಿಯ ಮೇಲೆ ಕೂದಲು ಇಳಿದಿರುವುದನ್ನು ಎಲ್ಲರಿಗಿಂತ ಮೊದಲು ಗಮನಿಸುತ್ತಿದ್ದ. ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. “ಹೆಣ್ಣಿನ ಕಡೆಯವರು ಒಂದು ಪ್ರಶ್ನೆ ಕೇಳೋಕೆ ಬಾಯಿ ತೆಗೆಯೋದರೊಳಗೆ ಇವನು ಮೂರು ಉತ್ತರ ಕೊಟ್ಟಿರ್ತಾನೆ. ಮೂರೂ ಬೇರೆ ಬೇರೆ” ಎಂದು ಅವನ ಜೊತೆಗೇ ಇದ್ದ ಅಕ್ಕ ಬೀದಿಗೆಲ್ಲ ಹೇಳುತ್ತಿದ್ದಳು.

ಅಂಗಡಿಯ ಎದುರಿಗೇ ಒಂದು ಬೇಕರಿ. ಅದನ್ನು ನಡೆಸುತ್ತಿದ್ದಾಕೆ ಗಂಡನನ್ನು ಕಳೆದುಕೊಂಡವಳು, ಮಿತಭಾಷಿ, ಮೊಣಕೈಯವರೆಗೆ ಸದಾ ಹಿಟ್ಟು. ಕ್ಷೌರಿಕನು ದಿನವೂ ಒಂದು ಬನ್ನು ಕೊಂಡು, ಒಂದು ಬುಟ್ಟಿ ಬನ್ನು ಕೊಂಡವನಷ್ಟು ಹೊತ್ತು ಅಲ್ಲಿ ನಿಲ್ಲುತ್ತಿದ್ದ. ಆಕೆಯನ್ನು ಬಿಟ್ಟು ಬೇರೆ ಯಾರ ಮನೆಯ ದೀಪವೂ ತನಗೆ ಬೆಳಕಲ್ಲವೆಂಬುದು ಅವನ ಹೃದಯಕ್ಕೆ ಖಚಿತವಾಗಿತ್ತು. ಕೊನೆಗೆ ಅಕ್ಕನೇ ಹೋಗಿ ಮಾತೆತ್ತಿದಳು. “ಗ್ರಹಣ ಬಿಡೋ ಹೊತ್ತಿಗೆ ಸೋದರಮಾವನ ಜೊತೆ ಬರ್ತೀನಿ. ಕೂತು ನೋಡಿ ಹೇಳ್ತೀನಿ” ಎಂದಳಂತೆ ಬೇಕರಿಯಾಕೆ.

ಅಂದಿನಿಂದ ಕ್ಷೌರಿಕನಿಗೆ ತನ್ನ ನರೆಗೂದಲಿನದೇ ಚಿಂತೆ.

“ಇದ್ದರೆ ಇರಲಿ ಬಿಡೋ,” ಎಂದಳು ಅಕ್ಕ. “ದಿನಾ ನಿನ್ನನ್ನ ನೋಡ್ತಾಳಲ್ಲ, ಅವಳೇನು ಕುರುಡಿಯಾ?”

“ದಿನಾ ನೋಡೋದು ಬೇರೆ ಅಕ್ಕ, ಕೂತು ನೋಡೋದು ಬೇರೆ.”

ಗ್ರಹಣದ ದಿನ ಬಂತು. ಆ ಹೊತ್ತಿನಲ್ಲಿ ಬಣ್ಣ ಹಚ್ಚುವುದಿಲ್ಲವೆಂದು ಅಂಗಡಿಯ ಗೋಡೆಯ ಮೇಲೆ ಬರೆಸಿದವನು ಅವನೇ. ಆದರೆ ಗಿರಾಕಿಗಳ ಕಾಟವಿಲ್ಲದೆ, ಬೀದಿಯ ಕಣ್ಣು ತಪ್ಪಿಸಿ ಕೆಲಸ ಮುಗಿಸಲು ಬೇರೆ ಹೊತ್ತೂ ಇರಲಿಲ್ಲ. ಬಾಗಿಲು ಮುಂದೆ ಮಾಡಿದ. ದೀಪ ಹಚ್ಚಿದರೆ ಹೊರಗೆ ಕಾಣಿಸೀತೆಂದು ಹಚ್ಚಲಿಲ್ಲ. ಕಪಾಟಿನಲ್ಲಿ ಎರಡು ಸೀಸೆಗಳಿದ್ದವು: ಒಂದರಲ್ಲಿ ಕಪ್ಪು ಬಣ್ಣ, ಇನ್ನೊಂದರಲ್ಲಿ ನಾಟಕದವರ ರಾಕ್ಷಸನ ಗಡ್ಡಕ್ಕೆಂದು ಕಲಸಿಟ್ಟ ಹಸಿರು. ಚೀಟಿ ಅಂಟಿಸುವ ಅಭ್ಯಾಸ ಅವನಿಗಿರಲಿಲ್ಲ. ಕಣ್ಣಿದ್ದವನಿಗೆ ಚೀಟಿಯೇಕೆ ಎನ್ನುತ್ತಿದ್ದ. ಕೆಂಪು ಬೆಳಕಿನಲ್ಲಿ ಎರಡೂ ಕಪ್ಪಗಿದ್ದವು. ಕೈಗೆ ಸಿಕ್ಕಿದ್ದನ್ನು ತೆಗೆದು ಧಾರಾಳವಾಗಿ ಹಚ್ಚಿಕೊಂಡ. ಕನ್ನಡಿಯಲ್ಲಿ ಇದ್ದಲಿನಂಥ ತಲೆಯ ತರುಣನೊಬ್ಬ ನಗುತ್ತಿದ್ದ. ನಮ್ಮ ಸಹೋದರನು ದೇವರಿಗೆ ಮನಃಪೂರ್ವಕ ವಂದನೆ ಸಲ್ಲಿಸಿದ, ನಾವು ಮಾಡುವ ಮೋಸಕ್ಕೆಲ್ಲ ದೇವರನ್ನೇ ಪಾಲುದಾರನನ್ನಾಗಿ ಸೇರಿಸಿಕೊಳ್ಳುವ ನಮ್ಮೆಲ್ಲರ ಹಳೆಯ ಚಾಳಿಯಂತೆ.

ಅವನು ಮನೆಗೆ ಬರುವಷ್ಟರಲ್ಲಿ ಅತಿಥಿಗಳು ಅಂಗಳದಲ್ಲಿ ಕುಳಿತಾಗಿತ್ತು. ಬೇಕರಿಯಾಕೆಯ ಸೋದರಮಾವ ಪೇಟೆಯ ತೂಕದ ಕಲ್ಲುಗಳನ್ನು ಪರೀಕ್ಷಿಸುವ ಅಧಿಕಾರಿ. ಎದುರಿಗೆ ಕೂತವರನ್ನೆಲ್ಲ ಇವರು ಎಷ್ಟು ಕಡಿಮೆ ತೂಗಬಹುದೆಂಬಂತೆ ನೋಡುವವರು. ಕ್ಷೌರಿಕ ಕುಳಿತವನೇ ಆರಂಭಿಸಿದ: ತನ್ನ ಆರೋಗ್ಯ, ತನ್ನ ಹಲ್ಲು, ತನ್ನ ವಂಶದಲ್ಲಿ ಯಾರಿಗೂ ಬೇಗ ಕೂದಲು ನೆರೆಯುವುದಿಲ್ಲವೆಂಬ ಸಂಗತಿ. ಅಷ್ಟರಲ್ಲಿ ಅಣ್ಣನ ಭುಜದಾಚೆಯಿಂದ ತಂಗಿ ಇಣುಕಿದಳು. ಅಂಗಳಕ್ಕೆ ಬಿಳಿಯ ಬೆಳಕು ಬಿತ್ತು.

ಸೋದರಮಾವ ಮಾತಿನ ನಡುವೆಯೇ ತಲೆಯೆತ್ತಿ ನೋಡಿದರು. ಬೇಕರಿಯಾಕೆಯ ಹುಬ್ಬು ಮೇಲೇರಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರ ಕಣ್ಣೂ ತನ್ನ ಮೇಲೇ ನೆಟ್ಟಿರುವುದನ್ನು ಕಂಡು ಉಬ್ಬಿದ ಕ್ಷೌರಿಕ ಇನ್ನೂ ಜೋರಾಗಿ ಮಾತಾಡಿದ.

“ತಮ್ಮಾ,” ಎಂದಳು ಅಕ್ಕ, “ಸ್ವಲ್ಪ ಸುಮ್ಮನಿರಪ್ಪ.”

ಆಗ ಹಣೆಯಿಂದ ಒಂದು ಬೆವರ ಹನಿ ಜಾರಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಗಿಳಿಯಂಥ ಹಸಿರು. ಅವನು ಅದನ್ನು ಅಂಗೈಯಿಂದ ಮುಚ್ಚಿಕೊಂಡ.

“ಇದು ಔಷಧಿ,” ಎಂದ. “ತಲೆನೋವಿಗೆ, ಎಲೆ ಅರೆದು...” ಎನ್ನುತ್ತ ಆಕೆಯ ಮುಖ ನೋಡಿದ. ಆಕೆ ನಗುತ್ತಿರಲಿಲ್ಲ, ಕಾಯುತ್ತಿದ್ದಳು. ಸುಳ್ಳಿನ ಉಳಿದರ್ಧ ಅಲ್ಲೇ ನಿಂತಿತು. ಮನುಷ್ಯನ ನಾಲಿಗೆಯನ್ನು ದಯಾಮಯನು ಹಿಡಿದು ನಿಲ್ಲಿಸುವ ಕ್ಷಣಗಳಿವೆ.

“ಸುಳ್ಳು. ಬಣ್ಣ. ನಿಮ್ಮ ಕಣ್ಣಿಗೆ ಮುದುಕನ ಹಾಗೆ ಕಾಣಬಾರದು ಅಂತ ಹಚ್ಕೊಂಡೆ.”

ಅವನು ಬದುಕಿನಲ್ಲಿ ಅದಕ್ಕಿಂತ ಚಿಕ್ಕ ಭಾಷಣ ಮಾಡಿದ್ದಿಲ್ಲ.

ಸೋದರಮಾವ ಎದ್ದರು. “ಏಳು ಮಗಳೇ, ಹೋಗೋಣ. ಇದರಲ್ಲಿ ತೂಕ ಕಡಿಮೆ ಇದೆ.”

“ಕೂತ್ಕೊಳ್ಳಿ ಮಾವ,” ಎಂದಳು ಆಕೆ. “ಇಷ್ಟು ದಿನ ಇವರ ಮಾತಲ್ಲಿ ನಿಜ ಯಾವುದು ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ಇವತ್ತು ಒಂದು ಸಿಕ್ಕಿತು.” ಬಳಿಕ ಕ್ಷೌರಿಕನ ಕಡೆಗೆ ತಿರುಗಿದಳು. “ಆದರೆ ಈ ತಲೆ ಹೊತ್ಕೊಂಡು ನನ್ನ ಬೇಕರಿಗೆ ಬಂದ್ರೆ, ಬೂಷ್ಟು ಹಿಡಿದಿದೆ ಅಂತ ಗಿರಾಕಿಗಳೆಲ್ಲ ಓಡಿಹೋಗ್ತಾರೆ. ಬೋಳಿಸಬೇಕು.”

“ಊರಿಗೆಲ್ಲ ಕ್ಷೌರಿಕ ನಾನೊಬ್ಬನೇ. ನನ್ನ ತಲೆ ನಾನೇ ಹೇಗೆ...”

“ಕತ್ತಿ ಕೊಡಿ. ಬ್ರೆಡ್ಡಿನ ಹಿಟ್ಟಿನ ಮೇಲೆ ಬ್ಲೇಡಿನಲ್ಲಿ ಗೀರು ಹಾಕಿ ಕೈ ಪಳಗಿದೆ.”

ಹೀಗೆ, ಬೇರೊಬ್ಬರ ಕತ್ತಿಗೆ ಎಂದೂ ತಲೆ ಕೊಡದವನು ಆ ದಿನ ಅಂಗಳದ ನಡುವೆ ತಲೆ ತಗ್ಗಿಸಿದ. ಅಕ್ಕ ನೊರೆ ಕಲಸಿದಳು. ಬೋಗುಣಿ ಹಿಡಿಯಲು ಬೇರೆ ಯಾರೂ ಇಲ್ಲದ್ದರಿಂದ ತೂಕದ ಅಧಿಕಾರಿಗಳೇ ಹಿಡಿದರು. ಆಕೆ ಬೋಳಿಸುತ್ತಾ ಮಾತಾಡಿದಳು. ನಸುಕಿಗೆ ಮುಂಚೆ ಒಲೆ ಹಚ್ಚಬೇಕು. ಹಿಟ್ಟು ಉಬ್ಬದ ದಿನ ತನಗೆ ಮುಂಗೋಪ. “ತೀರಿಹೋದ ನಮ್ಮವರ ಫೋಟೋ ಗೋಡೆ ಮೇಲಿದೆ. ತೆಗಿ ಅನ್ನಬಾರದು. ಆಗುತ್ತಾ?”

ಅವನು ಬಾಯಿ ತೆರೆದ.

“ಈಗ ಬೇಡ. ಕಿವಿ ಹೋಗುತ್ತೆ.”

ಅವನು ಬಾಯಿ ಮುಚ್ಚಿದ. ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳುವುದೆಂದರೆ ಏನೆಂದು ಅವನಿಗೆ ಅಂದು ತಿಳಿಯಿತು. ಒಬ್ಬ ಹೆಂಗಸು ಒಂಟಿಯಾಗಿ ಒಲೆಯ ಮುಂದೆ ಕಳೆದ ಬೆಳಗುಗಳೆಲ್ಲ ಆ ಮಾತುಗಳಲ್ಲಿದ್ದವು. ನೊರೆಯ ಅಡಿಯಲ್ಲಿ ಅವನ ಕಣ್ಣು ಒದ್ದೆಯಾಯಿತು. ಸೋಪಿನಿಂದ ಎಂದು ಆಮೇಲೆ ಅಕ್ಕನಿಗೆ ಹೇಳಿದ.

ಆಕೆ ತಲೆಯನ್ನು ಒರೆಸಿದಳು. “ಈಗ ಹೇಳಿ.”

“ಫೋಟೋ ಇರಲಿ,” ಎಂದ ಅವನು. “ಧೂಳು ನಾನೇ ಒರೆಸ್ತೀನಿ.”

ಆಕೆ ಕತ್ತಿಯನ್ನು ಮಡಿಸಿ ಅವನ ಕೈಯಲ್ಲಿಟ್ಟಳು. ಸೋದರಮಾವ ಹಸಿರು ನೊರೆ ತುಂಬಿದ ಬೋಗುಣಿ ಹಿಡಿದು ನಿಂತೇ ಇದ್ದರು.

“ಇದನ್ನ ಎಲ್ಲಿ ಚೆಲ್ಲಲಮ್ಮ?”

“ಮೋರಿಗೆ ಚೆಲ್ಲಿ ಬನ್ನಿ ಮಾವ. ಬಂದು ಮದುವೆಗೆ ದಿನ ನೋಡಿ.”