ಅರಿಶಿನ ಹಚ್ಚಿದ ಗಡಿಕಲ್ಲು

ಬಸವಣ್ಣೆವ್ವ ಮಾಯಪ್ಪನನ್ನು ಮೊದಲು ಕಂಡದ್ದು ಅವನನ್ನು ಬೈಯಲು ಹೋದ ದಿನ. ಖಾನಾಪುರದ ಕಡೆಯ ಬೀಡಿ ಎಂಬ ಊರಿನ ಆಚೆ, ಮೇಲಿನ ಕೆರೆ ಕೋಡಿ ಬಿದ್ದರೆ ನಡುವಿನದಕ್ಕೆ, ಅಲ್ಲಿಂದ ಕೆಳಗಿನದಕ್ಕೆ ನೀರಿಳಿಯುವ ಊರು ಅದು. ಮಾಯಪ್ಪ ತೂಬು ತೆರೆದು ಕೆಳಗಿನ ಕೆರೆ ಬರಿದು ಮಾಡಿದನೆಂದು ಊರೇ ಹೇಳುತ್ತಿತ್ತು. ಗಂಡ ಸತ್ತ ಮೇಲೆ ಅವಳೊಬ್ಬಳೇ ಬೆಳೆದ ಮೊದಲ ಭತ್ತ ತೆನೆಗಟ್ಟುವ ಹೊತ್ತಿಗೆ ಒಣಗಿತ್ತು.

ಹೋಗಿ ನೋಡಿದರೆ, ಅವನು ಒಣಗಿದ ಕೆರೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಸರ್ವೆಯವರು ಎಂದೋ ನೆಟ್ಟ ಗಡಿಕಲ್ಲಿಗೆ ಅರಿಶಿನ ಬಳಿಯುತ್ತಿದ್ದ.

“ಊರ ನೀರೆಲ್ಲಾ ನುಂಗಿ, ಈಗ ಕಲ್ಲಿಗೆ ಜಳಕಾ ಮಾಡಸಾಕತ್ತೀಯೇನ?”

“ತೂಬ ತಗದಂವಾ ನಾ ಅಲ್ರಿ ಅಕ್ಕಾ. ಗುರುಸಿದ್ದಗೌಡ್ರು. ಕೆರಿ ಒಣಗಿದ್ರ ಅವರ ಹೊಲಾ ಮುಂದ ಸರೀತೈತಿ. ಕೀಲಿ ನನ್ನ ಕಡೆ ಇತ್ತಂತ ಕಳ್ಳ ನಾ ಆದ್ನಿ.”

ಮೂರು ತಲೆಮಾರು ತೂಬು ಕಾಯ್ದ ಅವನ ಮನೆತನದ ಕೈಯಿಂದ ಪಂಚರು ಅಂದು ಬೆಳಿಗ್ಗೆ ಕೀಲಿ ಕಸಿದುಕೊಂಡಿದ್ದರು. ಅವಳು ತಿರುಗಿ ನೋಡಿದಳು. ಗೌಡನ ಟ್ರ್ಯಾಕ್ಟರ್ ಆಗಲೇ ಕೆರೆಯ ಹೊಟ್ಟೆಯಲ್ಲಿ ಉಳುತ್ತಿತ್ತು. ಅವಳು ಕಲ್ಲಿನ ಪಕ್ಕ ಕುಕ್ಕರಿಸಿದಳು.

“ಮತ್ತ ಇದು ಯಾವ ದೇವ್ರೋ?”

“ಇನ್ನೂ ಆಗಿಲ್ರಿ. ನಾಕ ಸೋಮವಾರ ಹೂವಾ ಕುಂಕುಮಾ ಬಿದ್ರ ಆಕ್ಕೈತಿ. ಗೌಡ್ರು ಗಡಿಕಲ್ಲ ಕೀಳತಾರ, ದೇವ್ರನ್ನ ಕೀಳಾಂಗಿಲ್ಲ.”

“ನಾ ಗಂಡ ಸತ್ತಾಕಿ. ನನ್ನ ಕುಂಕುಮಾ ನಡೀತೈತೇನ?”

“ಕಲ್ಲಿಗೇನ ಗೊತ್ತಾಕ್ಕೈತ್ರಿ!”

ಮರುದಿನದಿಂದ ಕಲ್ಲಿನ ಮೇಲಿನ ದಾಸವಾಳ ಅವಳದು. ವರ್ಷದೊಳಗೆ ಊರ ಹೆಂಗಸರ ಪಾಲಿಗೆ ಅದು ಗಂಗವ್ವನಾಯಿತು. ಗುರುಸಿದ್ದಗೌಡ ಕೆರೆಗೆ ಮಣ್ಣು ತುಂಬಿದ, ಉಳಿದ ಗಡಿಕಲ್ಲುಗಳನ್ನೆಲ್ಲ ಕಿತ್ತು ಹಾಳುಬಾವಿಗೆ ಹಾಕಿದ, ಕೆರೆಯ ಜಾಗದಲ್ಲೇ ಮನೆ ಕಟ್ಟಿದ. ಗಂಗವ್ವನನ್ನು ಮಾತ್ರ ಕದಲಿಸಲಿಲ್ಲ. ಅವಳ ಸುತ್ತ ದೇವರ ಕೋಣೆ ಎಬ್ಬಿಸಿ ದಿನಾ ಕೈ ಮುಗಿದ.

ಮಾಯಪ್ಪ ಅದೇ ಗೌಡನ ದನ ಕಾಯುತ್ತ ಹದಿನೆಂಟು ವರ್ಷ ಬಾಯಿ ಬಿಡಲಿಲ್ಲ. ಗಂಗವ್ವನ ಪ್ರಸಾದ ತಿಂದು ಬಂದು ಬಸವಣ್ಣೆವ್ವನಿಗೆ ಹೇಳುತ್ತಿದ್ದ, “ಶಿರಾ ಭಾಳ ರುಚಿ ಇತ್ರಿ. ಕೆರಿ ಅಳ್ಯಾಕ ಸರ್ವೆದವ್ರು ಒಮ್ಮೆ ಬರ್ಲಿ.”

ಹೋದ ಬೇಸಿಗೆಯಲ್ಲಿ ಕೆರೆ ಅಳೆಯಲು ಸರ್ವೆಯವರು ಬಂದರು. ಒಂದೂ ಕಲ್ಲು ಸಿಗದೆ ನಕಾಶೆ ಹಿಡಿದು ಪರದಾಡುತ್ತಿದ್ದವರನ್ನು ಮಾಯಪ್ಪ ನೇರ ದೇವರ ಕೋಣೆಗೆ ಕರೆದೊಯ್ದ. ಉಗುರಿನಿಂದ ಅರಿಶಿನ ಕೆರೆದು, ಕಲ್ಲಿನ ಮೇಲಿನ ಗುರುತು ತೋರಿಸಿದ. ಅಲ್ಲಿಂದ ಅಳೆದರೆ ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ, ಎಲ್ಲವೂ ಕೆರೆಯೊಳಗೆ.

ಗೋಡೆ ಕೆಡವುವ ದಿನ ಮಾಯಪ್ಪ ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದ. ಬಸವಣ್ಣೆವ್ವ ಕಡೆಯ ಇಟ್ಟಂಗಿ ಬೀಳುವವರೆಗೆ ನಿಂತು ನೋಡಿ, ಖಾನಾಪುರದಲ್ಲಿ ಬಸ್ಸು ಬದಲಿಸಿ ಹೋದಳು. ಯಾವ ಗೋಡೆ ಮೊದಲು, ಯಾವುದು ಆಮೇಲೆ, ಒಂದೂ ಬಿಡದೆ ಹೇಳಿದಳು. ಬಯಲಲ್ಲಿ ಈಗ ಕಲ್ಲೊಂದೇ ನಿಂತಿದೆ ಎಂದಳು. ಅವನು ಕಣ್ಣು ಮುಚ್ಚಿ, ಶಿರಾ ತಿನ್ನುವವನಂತೆ ಬಾಯಿ ಚಪ್ಪರಿಸುತ್ತ ಕೇಳಿದ. ಆಮೇಲೆ ಅವಳ ಸೆರಗು ಹಿಡಿದ.

“ಖರೇ ಹೇಳ್ರಿ ಅಕ್ಕಾ. ಗೌಡ್ರು ಇವತ್ತೂ ಆ ಕಲ್ಲಿಗೆ ಕೈ ಮುಗದ್ರೇನು?”