ರೆಕ್ಕೆಯ ಮೇಲಿನ ಹೆಸರು

ಕುಸನೂರಿನ ಮಾಯಾ ಯಾರ ಮನೆಗೆ ಹೋದರೂ ಮೊದಲು ತಲೆ ಎತ್ತಿ ಛತ್ತು ನೋಡುತ್ತಾಳೆ, ಆಮೇಲೆ ಮನೆಯವರನ್ನು. ಸೊಕ್ಕು ಎಂದುಕೊಂಡವರಿದ್ದಾರೆ. ಅದು ಅವಳ ಕೆಲಸ. ಹಳೆಯ ಪಂಖಾ ಇಳಿಸಿ, ಕಡಿಮೆ ಕರೆಂಟು ತಿನ್ನುವ ಹೊಸದನ್ನು ಅರ್ಧ ಬೆಲೆಗೆ ಹಾಕಿಕೊಡುವ ಯೋಜನೆಯನ್ನು ನಮ್ಮ ಸಂಸ್ಥೆ ಕಲಬುರಗಿಯಲ್ಲಿ ನಡೆಸುತ್ತಿದೆ. ಯೋಜನೆ ಹಾಕಿದವಳೂ ಅವಳೇ, ಬಿಸಿಲಿನಲ್ಲಿ ಓಡಾಡುವವಳೂ ಅವಳೇ. ನಾನು ಅದೇ ಆಫೀಸಿನಲ್ಲಿ ಕೂತು ಚಹಾ ಕುಡಿಯುತ್ತೇನೆ, ಹಾಗಾಗಿ ಎಲ್ಲ ಗೊತ್ತು.

ಮೊದಲಿಗೆ ಶಹಾಬಜಾರದ ಒಂದು ಗಲ್ಲಿ ಆರಿಸಿದಳು. ಗಲ್ಲಿಗೆಲ್ಲ ಒಂದೇ ಟ್ರಾನ್ಸ್‌ಫಾರ್ಮರ್. ಎಲ್ಲ ಮನೆಯೂ ಬದಲಾದರೆ ಎಷ್ಟು ಕರೆಂಟು ಉಳಿಯಿತೆಂದು ಅಲ್ಲೇ ಅಳೆದು ತೋರಿಸಬಹುದು. ಒಂದು ಮನೆ ತಪ್ಪಿದರೆ ಮೇಲಿನವರು ತಕರಾರು ತೆಗೆಯುತ್ತಾರೆ. ಹಳೆಯದನ್ನು ವಾಪಸ್ ಕೊಡಲೇಬೇಕೆಂದೂ ರೂಲು ಮಾಡಿದಳು. ಬಿಟ್ಟರೆ ಅದು ಅಡುಗೆಮನೆಗೆ ಹೋಗಿ ಅಲ್ಲಿ ತಿರುಗುತ್ತದೆ. ಜನರನ್ನು ಅವಳು ಬಲ್ಲಳು.

ಇಷ್ಟು ಬಲ್ಲವಳಿಗೆ ಎರಡು ಸಂಗತಿ ಹೊಳೆದಿರಲಿಲ್ಲ. ಹೊಸ ಪಂಖಾ ಸದ್ದು ಮಾಡುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಗಡಗಡ ಸದ್ದು ಕೇಳಿದರೇ ತಂಪು ಎನ್ನುವ ಊರು ನಮ್ಮದು. “ಆವಾಜೇ ಇಲ್ಲ, ಗಾಳಿ ಎಲ್ಲಿಂದ ಬರ್ತದರಿ?” ಎಂದು ಮನೆಮನೆಯಲ್ಲೂ ಕೇಳಿದರು. ಇನ್ನೊಂದು, ಹೆಸರು. ಆ ಗಲ್ಲಿಯಲ್ಲಿ ಮದುವೆಗೆ ಪಂಖಾ ಕೊಡುವವರು ರೆಕ್ಕೆಯ ಮೇಲೆ ತಮ್ಮ ಹೆಸರು, ಊರು ಬರೆಸಿಯೇ ಕೊಡುತ್ತಾರೆ. ಮುಂದೆಂದಾದರೂ ಊಟಕ್ಕೆ ಬಂದಾಗ ತಲೆ ಎತ್ತಿ ನೋಡುತ್ತಾರೆ. ಹೆಸರು ಕಾಣದಿದ್ದರೆ ಅವರಿಗೆ ಊಟ ರುಚಿಸುವುದಿಲ್ಲ.

ಮಾಯಾ ಪೇಂಟರ್ ಖಂಡೆಪ್ಪನನ್ನು ಕರೆಸಿ, ಹಳೆಯ ಹೆಸರುಗಳನ್ನೆಲ್ಲ ಹೊಸ ಪಂಖಾಗಳ ಮೇಲೆ ಬರೆಸಿದಳು. ಗಲ್ಲಿ ಒಪ್ಪಿತು. ಬಷೀರುನ್ನೀಸಾ ಒಬ್ಬರು ಒಪ್ಪಲಿಲ್ಲ.

ಅವರ ಪಂಖಾದ ಮೇಲೆ ಕೆಂಪು ಬಣ್ಣದಲ್ಲಿ ‘ಅಲ್ಲಾವುದ್ದೀನ್, ಕಮಲಾಪುರ’ ಎಂದಿತ್ತು. ಅಲ್ಲಾವುದ್ದೀನ್ ಅವರ ಅಣ್ಣ, ಅವರ ಮದುವೆಗೆ ಕೊಟ್ಟ ಪಂಖಾ ಅದು. ಪಂಖಾ ತಿರುಗುವಾಗ ಕಾಣುವುದು ಬರೀ ಕೆಂಪು ಬಳೆ, ಕರೆಂಟು ಹೋದರೆ ಅಣ್ಣನ ಹೆಸರು. ಮಗ ದಾನಿಶನ ಮದುವೆಗೆ ಬಷೀರುನ್ನೀಸಾ ಅಣ್ಣನ ಮನೆಗೆ ಹೋಗಿ ಕರೆಯದೆ ಕಾರ್ಡಿನ ಫೋಟೊ ಫೋನಿಗೆ ಕಳಿಸಿದ್ದರು. “ಫೋನಿನಾಗ ಕರದ್ರ ಫೋನಿನಾಗೇ ಉಣ್ತೀನಿ” ಎಂದ ಅಣ್ಣ ಮದುವೆಗೆ ಬರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

“ಬೇಟಿ, ಭಾಯಿದು ಅಂತ ನನ್ನ ಹತ್ರ ಇದೊಂದೇ ಉಳದದ” ಎಂದರು ಬಷೀರುನ್ನೀಸಾ. “ನೀ ಹೊಸಾದರ ಮ್ಯಾಲ ಹೆಸರು ಬರಸ್ತಿ, ಖರೆ. ಆದ್ರ ಅದು ಭಾಯಿ ಕೊಟ್ಟಿದ್ದಲ್ಲ. ಇದನ್ನ ಇಳಿಸೀನಿ ಅಂತ ಕಿವಿಗೆ ಬಿದ್ರ, ತಂಗಿ ಪೂರಾ ಕಡಕೊಂಡ್ಳು ಅಂತಾರ.”

ಮಾಯಾ ಮರುದಿನ ಕಮಲಾಪುರದ ಬಸ್ಸು ಹತ್ತಿದಳು.

ಅಲ್ಲಾವುದ್ದೀನ್ ತಮ್ಮ ಅಂಗಡಿಯಲ್ಲಿ ಕೆಂಪು ಬಾಳೆಗೊನೆಗಳ ನಡುವೆ ಕೂತಿದ್ದರು. ಅವಳು ಯೋಜನೆ, ವಾಟು, ಉಳಿತಾಯ ಎಲ್ಲವನ್ನೂ ವಿವರಿಸಿದಳು. ಅವರು ಕೇಳಿದ್ದು ಒಂದೇ ಮಾತು.

“ಅದು ಇನ್ನಾ ತಿರಗ್ತದೇನು?”

“ತಿರಗ್ತದ್ರಿ ಚಾಚಾ. ಖಾಲಾ ನಿಮ್ಮ ಹೆಸರಿನ ಮ್ಯಾಲ ಧೂಳು ಕೂಡಾಕ ಬಿಟ್ಟಿಲ್ರಿ.”

ಅವರು ಒಂದು ಗೊನೆಯನ್ನು ಎತ್ತಿ ಪಕ್ಕಕ್ಕಿಟ್ಟರು. “ಹೊಸಾದು ನಾನ ಕೊಡಸಿದ್ರ ನಡೀತದೇನು?”

“ನಡೀತದ್ರಿ. ಆದ್ರ ನೀವ ಕೈಯಾರೆ ತಂದು ಕೊಡಬೇಕ್ರಿ, ರೂಲ್ ಅದ” ಎಂದಳು ಮಾಯಾ. ಅಂಥ ರೂಲು ಆವರೆಗೆ ಇರಲಿಲ್ಲ.

ಶುಕ್ರವಾರ ನಮಾಜು ಮುಗಿಸಿಕೊಂಡು ಅವರು ಬಂದರು. ಪಂಖಾದ ಡಬ್ಬಿಯನ್ನು ತಂಗಿಯ ಕೈಗಿಟ್ಟು ಕೂತರು. ಬಷೀರುನ್ನೀಸಾ ಅದನ್ನು ಹೊರಗೆ ಕಾದಿದ್ದ ಖಂಡೆಪ್ಪನಿಗೆ ಕೊಟ್ಟು, ಏನೋ ಹೇಳಿ ಒಳಗೆ ಬಂದರು. ಹುಟ್ಟಿದಾಗಿನಿಂದ ದಖನಿ ಉರ್ದುವಿನಲ್ಲಿ ಮಾತಾಡಿಕೊಂಡು ಬಂದ ಅಣ್ಣ ತಂಗಿ ಅಂದು ಕನ್ನಡಕ್ಕಿಳಿದರು, ಅದೂ ಮಾಯಾಳ ಮೂಲಕ.

“ಚಹಾಕ್ಕ ಸಕ್ಕರಿ ಎಷ್ಟು ಹಾಕಲಿ ಕೇಳು ಬೇಟಿ.”

“ಹಾಕಬ್ಯಾಡ, ಶುಗರ್ ಬಂದದ ಅಂತ ಹೇಳ್ರಿ ಮೇಡಂ.”

ಬಷೀರುನ್ನೀಸಾರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅಣ್ಣನಿಗೆ ಶುಗರ್ ಬಂದದ್ದು ಅವರಿಗೆ ಗೊತ್ತಿರಲಿಲ್ಲ.

ಬಣ್ಣ ಒಣಗಿತು. ಹಳೆಯದು ಇಳಿದು ಮಾಯಾಳ ಚೀಲಕ್ಕೆ ಹೋಯಿತು, ಹೊಸದು ಮೇಲೇರಿತು. ಅವಳು ಗುಂಡಿ ಒತ್ತಬೇಕು, ಅಷ್ಟರಲ್ಲಿ ಅಲ್ಲಾವುದ್ದೀನ್ ತಲೆ ಎತ್ತಿ ನೋಡಿದರು. ರೆಕ್ಕೆಯ ಮೇಲೆ ‘ಅಲ್ಲಾವುದ್ದೀನ್’ ಎಂದಷ್ಟೇ ಇತ್ತು.

“ಊರ ಹೆಸರು ಎಲ್ಲಿ ಹೋತು ಕೇಳ್ರಿ ಮೇಡಂ.”

ಬಷೀರುನ್ನೀಸಾ ಈ ಸಲ ಮಾಯಾಳ ಕಡೆ ನೋಡಲಿಲ್ಲ.

“ಊರು ಬರಸೋದು ದೂರದವರಿಗೆ, ಭಾಯಿ.”

ಏನು ಮಾಡಬೇಕೆಂದು ತಿಳಿಯದೆ ಮಾಯಾ ಗುಂಡಿ ಒತ್ತಿದಳು. ಪಂಖಾ ಸದ್ದಿಲ್ಲದೆ ತಿರುಗಿತು. ಅಲ್ಲಾವುದ್ದೀನ್ ಟೋಪಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡರು.

“ಗಾಳಿ ಭಾಳ ಆತ್ರಿ ಮೇಡಂ” ಎಂದರು, “ಕಣ್ಣಾಗ ನೀರ ಬರಾಕತ್ಯಾವ.”

ಹೊಸ ಪಂಖಾದ ಗಾಳಿ ಹೆಚ್ಚಾಯಿತೆಂದು ನಮಗೆ ಬಂದ ದೂರು ಇವತ್ತಿಗೂ ಅದೊಂದೇ.