ಹುಳಕ್ಕಾಗಿ ಕಾದ ಗೆಣಸಿನ ಹೊಲ

ಹೊಲಕ್ಕೆ ಹುಳ ಬೀಳಲಿ ಅಂತ ದೇವರಿಗೆ ಕೈಮುಗಿದ ರೈತರ ಮನೆ ತಮಿಳುನಾಡಿನ ಪೆರಿಯಕುಳಂನಿಂದ ಬತ್ತಲಗುಂಡುವರೆಗೆ ಹುಡುಕಿದರೂ ಒಂದೇ ಸಿಗುತ್ತದೆ. ಅದು ನಮ್ಮದು. ಹೋದ ವರ್ಷ ನಾನು ಹನ್ನೊಂದನೇ ಕ್ಲಾಸು. ಪರೀಕ್ಷೆಗೇ ಹೆದರದ ನಾನು ಒಂದು ದುಂಬಿ ಬರುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲಿ ಸೊರಗಿ, ಬೆಳಗಿನ ಇಡ್ಲಿಯನ್ನು ಎಂಟರಿಂದ ಆರಕ್ಕೆ ಇಳಿಸಿದ್ದೆ.

ಇದಕ್ಕೆಲ್ಲ ಕಾರಣ ದೊಡ್ಡಪ್ಪನ ಮಗಳು, ನಮ್ಮ ಅಕ್ಕ. ಕಾಲೇಜಿನಲ್ಲಿ ಬೆಳೆಗಳ ವಿಷಯ ಓದಿ, ಅದು ಸಾಲದೆ ಇನ್ನೂ ಮೇಲಕ್ಕೆ ಓದುತ್ತಿದ್ದಾಳೆ. ಗೆಣಸನ್ನು ಒಳಗಿನಿಂದ ತಿಂದುಹಾಕುವ ಒಂದು ಪುಟ್ಟ ದುಂಬಿ ಇದೆ. ನಮ್ಮ ಕಡೆ ಕೂನ್‌ವಂಡು ಅನ್ನುತ್ತಾರೆ, ಗೂನುಬೆನ್ನಿನ ದುಂಬಿ. ಕೆಂಪು ಕುತ್ತಿಗೆಯ ಕರಿ ಇರುವೆಯ ಹಾಗಿರುತ್ತದೆ, ಭಾರಿ ಸಾಧು ಮುಖ. ಅದು ಹೊಕ್ಕ ಗೆಣಸನ್ನು ಕೊಯ್ದರೆ ಒಳಗೆಲ್ಲ ಕಪ್ಪು ಸುರಂಗ, ಕಹಿ, ಮೂಗು ಮುಚ್ಚುವ ವಾಸನೆ. ನನ್ನ ಸ್ಕೂಲಿನ ಟೈ ತಿಂದು ತೇಗಿದ ನಮ್ಮ ಎಮ್ಮೆಯೂ ಅದನ್ನು ಮೂಸಿ ಮುಖ ತಿರುಗಿಸುತ್ತದೆ. ಈ ದುಂಬಿಗೆ ಬಗ್ಗದ ಗೆಣಸೊಂದನ್ನು ಹುಟ್ಟಿಸಬೇಕು ಅನ್ನುವುದು ಅಕ್ಕನ ಹಠ.

ಹುಟ್ಟುವ ಗೆಣಸಿಗೆ ಅಪ್ಪ ಅಮ್ಮನನ್ನೂ ಅವಳೇ ಆರಿಸಿದಳು. ಅಮ್ಮ ಅಂದರೆ ನಮ್ಮ ಅಜ್ಜಿ ಹಿತ್ತಲಲ್ಲಿ ಉಳಿಸಿಕೊಂಡು ಬಂದ ಬಳ್ಳಿ. ಬೇಯಿಸಿದರೆ ಸಕ್ಕರೆ, ನಮಗೆಷ್ಟು ಇಷ್ಟವೋ ಹುಳಕ್ಕೂ ಅಷ್ಟೇ ಇಷ್ಟ. ಅಪ್ಪ ಅಂದರೆ ಅಕ್ಕ ಎಲ್ಲಿಂದಲೋ ತಂದ ಒರಟು ಬಳ್ಳಿ. ಗೆಣಸು ಬೆರಳಿನಷ್ಟು, ರುಚಿ ಸೀಮೆಸುಣ್ಣದ್ದು, ಆದರೆ ಹುಳ ಹತ್ತಿರ ಸುಳಿಯುವುದಿಲ್ಲ. ಬೆಳಗ್ಗೆ ಹೂ ಅರಳಿದ ಹೊತ್ತಿಗೆ ಇದರ ಪರಾಗ ತೆಗೆದು ಅದಕ್ಕೆ ಮುಟ್ಟಿಸಿ, ಜೇನು ನುಗ್ಗದಂತೆ ಹೂವಿನ ಬಾಯಿಗೆ ಕ್ಲಿಪ್ಪು ಹಾಕಬೇಕು. ಅರ್ಧ ಮದುವೆಗಳನ್ನು ನಾನೇ ಮಾಡಿಸಿದ್ದು, ದಕ್ಷಿಣೆ ಇಲ್ಲದೆ. ಹುಟ್ಟಿದ ಮಕ್ಕಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಅವುಗಳಲ್ಲಿ ನೇರಳೆ ತೊಟ್ಟಿನ ಒಂದು ಬಳ್ಳಿಯ ಮೇಲೆ ಅಕ್ಕ ಜೀವ ಇಟ್ಟಿದ್ದಳು. ಗೆಣಸು ಮುಷ್ಟಿಗಾತ್ರ, ರುಚಿ ಅಜ್ಜಿಯದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹುಳ ಬಂದರೆ ಅದು ತಡೆದುಕೊಳ್ಳುತ್ತದಾ, ಅಷ್ಟೇ ಗೊತ್ತಾಗಬೇಕಿತ್ತು.

ಅದಕ್ಕಾಗಿ ಬಸ್ಸು ಓಡಾಡುವ ರಸ್ತೆ ಬದಿಯ ನಮ್ಮ ಹೊಲದಲ್ಲಿ ಪ್ರತಿ ಬಳ್ಳಿಯನ್ನೂ ಎರಡು ಕಡೆ ನೆಟ್ಟಳು: ರಸ್ತೆ ಪಕ್ಕದಲ್ಲೊಮ್ಮೆ, ಬಾವಿ ಪಕ್ಕದಲ್ಲೊಮ್ಮೆ. ನಡುನಡುವೆ ಹುಳವನ್ನು ಕರೆಯುವುದಕ್ಕೆ ಅಜ್ಜಿಯ ಬಳ್ಳಿ. ಔಷಧಿ ಹೊಡೆಯುವಂತಿಲ್ಲ. ಗೆಣಸು ದಪ್ಪವಾದಂತೆ ಮೇಲಿನ ಮಣ್ಣು ಬಿರಿಯುತ್ತದೆ, ದುಂಬಿ ಆ ಬಿರುಕಿನಲ್ಲೇ ಇಳಿಯುತ್ತದೆ, ಅದನ್ನೂ ಮುಚ್ಚುವಂತಿಲ್ಲ. ಅಜ್ಜಿಯ ಬಳ್ಳಿ ಹುಳ ಹತ್ತಿ ಹಾಳಾದರೆ ಮಾತ್ರ ಪರೀಕ್ಷೆ ನಡೆದ ಹಾಗೆ. ಅದೇ ನೆಟ್ಟಗಿದ್ದರೆ ನೇರಳೆ ತೊಟ್ಟಿನದು ನೆಟ್ಟಗಿರುವುದರಲ್ಲಿ ಏನು ಹೆಚ್ಚುಗಾರಿಕೆ? ಈ ಸಲ ಏನೂ ತಿಳಿಯದಿದ್ದರೆ ಈ ಬಳ್ಳಿಗಳನ್ನು ಕೈಬಿಟ್ಟು ಬೇರೆ ಕೆಲಸ ಹಿಡಿಯಬೇಕು ಅಂತ ಕಾಲೇಜಿನ ಮೇಡಂ ಮೊದಲೇ ಹೇಳಿದ್ದರು.

ಅಜ್ಜಿಗೆ ಇದೆಲ್ಲ ಹೇಳಿದಾಗ ಅವಳು ಅಕ್ಕನನ್ನೇ ದಿಟ್ಟಿಸಿದಳು. ಅವಳ ಬಾಯಲ್ಲಿ ಹುಳ ಅಂದರೆ ಪೂಚಿ, ಮುದ್ದಿನ ಮೊಮ್ಮಗಳು ಅಂದರೆ ಕಣ್ಣು.

"ನನ್ ಬಳ್ಳಿನ ಪೂಚಿಗೆ ವಿರುಂದು ಇಕ್ತೀಯಾ, ಕಣ್ಣು?"

"ವಿರುಂದೇ ಅಜ್ಜಿ. ಕರ್ದು ಊಟ ಇಕ್ಕೋದು. ಬರ್ಲಿ, ತಿನ್ಲಿ."

"ತಿಂದೋರು ಎಲೆ ಎತ್ತಿ ಹೋಯ್ತಾರಾ, ಇಲ್ಲೇ ಸಂಸಾರ ಹೂಡ್ತಾರಾ?"

ಅಜ್ಜಿಯ ಸಂಕಟ ಬೇರೆಯೇ ಇತ್ತು. ಇಲ್ಲಿನ ನಮ್ಮ ಕನ್ನಡದವರಲ್ಲಿ ಗೆಣಸಿನ ಸಾಲಿನ ಬಿರುಕು ಮುಚ್ಚುವುದು ಮನೆಯ ಹೆಂಗಸರ ಕೆಲಸ. ಸೊಸೆ ಹೇಗೆ ಅಂತ ತಿಳಿಯಲು ಅಡುಗೆಮನೆಗೆ ಇಣುಕುವುದಿಲ್ಲ, ಗೆಣಸಿನ ಸಾಲು ನೋಡಿಬಿಡುತ್ತಾರೆ. ಅಜ್ಜಿ ಸೊಸೆಯಾಗಿ ಬಂದಾಗಿನಿಂದ ಆ ಹೊಲದಲ್ಲಿ ಒಂದು ಬಿರುಕು ಉಳಿದಿಲ್ಲ. ಈಗ ಪಕ್ಕದ ಹೊಲದ ಮಾವ ದಿನಾ ಸಾಯಂಕಾಲ ಗಾಡಿ ನಿಲ್ಲಿಸಿ ಒಂದು ಮಾತು ಒಗೆದೇ ಮುಂದೆ ಹೋಗುತ್ತಿದ್ದರು.

"ಯಾನತ್ತೆ, ಮಣ್ಣೆಲ್ಲ ಬಾಯಿ ಬುಟ್ಕಂಡ್ ಕುಂತೈತೆ. ಮನೇಲಿ ಹೆಣ್ಣಾಳೇ ಇಲ್ವಾ?"

ನಾವು ಎಲೆ ಎತ್ತೆತ್ತಿ ನೋಡುತ್ತಿದ್ದೆವು. ಮೊದಲ ದುಂಬಿ ಕಂಡ ಬೆಳಗ್ಗೆ ಅಕ್ಕ ಅದಕ್ಕೆ ಆರತಿ ಎತ್ತುವುದೊಂದು ಬಾಕಿ. ಆದರೆ ಒಂದೆರಡರಿಂದ ಏನಾಗುತ್ತದೆ? ಅವಳಿಗೆ ಊಟ ಸೇರುತ್ತಿರಲಿಲ್ಲ. ನಮ್ಮ ಕೋಳಿಗಳು ಹೊಲದ ಕಡೆ ತಿರುಗಿದರೂ, ದುಂಬಿಯನ್ನು ಹೆಕ್ಕಿಬಿಟ್ಟಾವು ಅಂತ ಕೋಲು ಹಿಡಿದು ಓಡುತ್ತಿದ್ದಳು. ಅಂಥದ್ದರಲ್ಲಿ ಅವಳು ಕೆಲವು ದಿನ ಕಾಲೇಜಿನಲ್ಲೇ ಉಳಿಯಬೇಕಾಯಿತು. ನಾನು ಸ್ಕೂಲಿನಲ್ಲಿ. ಅವಳು ವಾಪಸು ಬಂದ ಸಾಯಂಕಾಲ ಇಬ್ಬರೂ ಬದುವಿನ ಮೇಲೆ ನಿಂತು ನೋಡಿದರೆ, ರಸ್ತೆ ಪಕ್ಕದ ಸಾಲುಗಳು ಗಾರೆ ಬಳಿದ ಹಾಗೆ ನುಣ್ಣಗಿವೆ. ಮಣ್ಣಿನ ಮೇಲೆ ಬೆರಳ ಗುರುತು.

ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಉಗುರಲ್ಲಿ ಕೆಂಪು ಮಣ್ಣು.

"ಬಿರುಕು ಮುಚ್ಚುದ್ಯಾ, ಅಜ್ಜಿ?" ಅಕ್ಕ ಕೇಳಿದಳು.

"ಬಸ್ಸಲ್ ಹೋಗೋರೆಲ್ಲ ಕತ್ತು ಚಾಚಿ ಎಟ್ಟಿ ಎಟ್ಟಿ ನೋಡ್ತಾರೆ, ಕಣ್ಣು. ನೀನ್ ಕಾಲೇಜಿಗ್ ಹೋಯ್ತೀಯ. ಮಾತು ಕೇಳೋಳು ನಾನು."

"ಎಲ್ಲಾ ಸಾಲೂ ಮುಚ್ಚುದ್ಯಾ?"

"ಬಾವಿ ಕಡೆ ಯಾರ್ ನೋಡ್ತಾರೆ? ಸೊಂಟ ಬೇರೆ ನೋವು. ಬುಟ್ಬುಟ್ಟೆ."

ಅಜ್ಜಿಯ ಸೊಂಟಕ್ಕೆ ನಾನು ಅವತ್ತು ಮನಸ್ಸಲ್ಲೇ ಅಡ್ಡಬಿದ್ದೆ. ಮುಚ್ಚಿದ್ದನ್ನು ಕಡ್ಡಿಯಿಂದ ಕೆದಕಿ ತೆಗೆಯೋಣ ಅಂದರೆ ಅಕ್ಕ ಬೇಡ ಅಂದಳು. ತಾನಾಗಿ ಬಿರಿದದ್ದೇ ಬೇರೆ, ನಾವು ಬಗೆದದ್ದೇ ಬೇರೆ. ಈ ಬಳ್ಳಿ ಕೈಬಿಟ್ಟು ಹೋಗುತ್ತದೆ ಅಂತ ಅವಳು ಮೆಲ್ಲಗೆ ಹೇಳಿದ್ದು ಅಜ್ಜಿಯ ಕಿವಿಗೂ ಬಿತ್ತು. ಅವತ್ತಿನಿಂದ ಅಜ್ಜಿ ಕೋಳಿಗಳನ್ನು ಬುಟ್ಟಿಯಡಿ ಕವುಚಿಟ್ಟು, ಬಾವಿ ಕಟ್ಟೆಯ ಮೇಲೆ ಕಾವಲು ಕೂತಳು. ನಾನು ಸ್ಕೂಲಿಂದ ಬಂದರೆ ಕಾಫಿಗೆ ಮೊದಲು ಒಂದೇ ಪ್ರಶ್ನೆ: "ಪೂಚಿ ಸೇರ್ತಾ, ಪೋಯಿ ನೋಡು."

ಅಗೆಯುವ ದಿನ ರಸ್ತೆ ಕಡೆಯಿಂದ ಶುರು ಮಾಡಿದೆವು. ಅಜ್ಜಿಯ ಬಳ್ಳಿಯಡಿ ಒಂದೊಂದು ಗೆಣಸೂ ಮದುವಣಗಿತ್ತಿಯ ಹಾಗೆ. ಅಜ್ಜಿಗೆ ಅಭ್ಯಾಸಬಲದಿಂದ ನಗು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒರಟು ಬಳ್ಳಿ, ನೇರಳೆ ತೊಟ್ಟು, ಎಲ್ಲವೂ ಶುಭ್ರ. ಅರ್ಧ ಹೊಲ ದಂಡ. ಅಕ್ಕ ಗುದ್ದಲಿ ಎತ್ತಿಕೊಂಡು ಬಾವಿ ಕಡೆ ನಡೆದಳು.

ಅಲ್ಲಿ ಅಜ್ಜಿಯ ಬಳ್ಳಿಯ ಮೊದಲ ಗೆಣಸು ಕೊಯ್ದಾಗ ವಾಸನೆ ಬಸ್‌ಸ್ಟಾಪಿನವರೆಗೂ ಹೋಗಿರಬೇಕು. ಒಳಗೆ ಬರೀ ಸುರಂಗ, ಬಿಳಿ ಮರಿಗಳು. ಅಕ್ಕ ಅದನ್ನು ಎದೆಗವಚಿಕೊಂಡಳು.

"ವಿರುಂದು ಚಂದಾಗೇ ನಡ್ದೈತೆ," ಅಂದಳು ಅಜ್ಜಿ. ದನಿಯಲ್ಲಿ ನೋವಿತ್ತು.

ಆಮೇಲೆ ನೇರಳೆ ತೊಟ್ಟು. ಮೊದಲನೆಯದು ಒಳಗೆ ಬೆಳ್ಳಗೆ. ಎರಡನೆಯದರ ಸಿಪ್ಪೆಯ ಮೇಲೆ ಸೂಜಿ ಚುಚ್ಚಿದ ಗುರುತು, ಒಳಗೆ ಏನಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಮೂರನೆಯದರಲ್ಲಿ ಕಪ್ಪು ಗೆರೆ, ಆಳಕ್ಕೆ ಇಳಿದಿತ್ತು. ಅಕ್ಕ ಚಾಕುವನ್ನು ನನ್ನ ಕೈಗಿಟ್ಟಳು. ಉಳಿದವನ್ನು ನಾನೇ ಕೊಯ್ದೆ. ಬೆಳ್ಳಗೆ, ಬೆಳ್ಳಗೆ, ಮತ್ತೂ ಬೆಳ್ಳಗೆ.

ಮೇಡಂ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. ಒಂದು ಬದಿಯದನ್ನು ನಂಬಿ ಏನೂ ಹೇಳಲಾಗದು, ಆದರೆ ಎಸೆಯುವಂಥದ್ದೂ ಅಲ್ಲ, ಇನ್ನೊಂದು ಸಲ ನೆಡು ಅಂದರು. ಇನ್ನೊಂದೇ ಸಲ.

ಈ ಸಲ ಎಲ್ಲವನ್ನೂ ಬಾವಿ ಕಡೆಯೇ ನೆಡಬಾರದಾ ಅಂತ ಅಜ್ಜಿ ಕೇಳಿದಳು. ಎರಡೂ ಕಡೆ ಬೇಕು ಅಂದಳು ಅಕ್ಕ. ಅಜ್ಜಿ ಒಂದು ಷರತ್ತು ಹಾಕಿದಳು. ಅದರಂತೆ ರಸ್ತೆ ಬದಿಯಲ್ಲಿ ಈಗೊಂದು ಹಲಗೆ ನಿಂತಿದೆ. ಅಕ್ಷರ ನನ್ನದು, ತಮಿಳಿನಲ್ಲಿ, ಓಡುವ ಬಸ್ಸಿಂದಲೂ ಓದುವಷ್ಟು ದಪ್ಪ: ಈ ಬಿರುಕುಗಳನ್ನು ಬೇಕೆಂದೇ ಬಿಟ್ಟಿದೆ, ಮನೆಯಲ್ಲಿ ಹೆಂಗಸರಿದ್ದಾರೆ. ಪಕ್ಕದ ಹೊಲದ ಮಾವ ಗಾಡಿ ನಿಲ್ಲಿಸಿ ಅದನ್ನು ಎರಡು ಸಲ ಓದಿ, ಏನೂ ಒಗೆಯದೆ ಹೋದರು.

ಮಣ್ಣು ಮತ್ತೆ ಬಿರಿಯತೊಡಗಿದೆ. ನಿನ್ನೆ ಸಾಯಂಕಾಲ ಅಜ್ಜಿ ರಸ್ತೆ ಪಕ್ಕದ ಸಾಲಿನುದ್ದಕ್ಕೂ ನಡೆದುಹೋದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು.